ಬಾಗಿಲು ಬರುವ ತನಕ ಬಾಲವಾಡಿ

ಚಿಕ್ಕ ಮಕ್ಕಳಿಗೆ ಕಲಿಸುವುದನ್ನು ಕಲಿಯಲು ಹೊರಟ ಹೆಂಗಸರಿಗೆ ಇಂಥವು ಆಗುತ್ತಲೇ ಇರುತ್ತವೆ. ಮೊನ್ನೆ ನನ್ನ ಕೈಕೆಳಗೆ ತರಬೇತಿಗೆ ಬಂದ ಹುಡುಗಿಯೊಬ್ಬಳು ಮಕ್ಕಳಿಗೆ ಆನೆಯ ನಡಿಗೆ ತೋರಿಸಲು ಹೋಗಿ, ತನ್ನ ಸೀರೆಯ ನಿರಿಗೆ ತಾನೇ ತುಳಿದು ದೊಪ್ಪೆಂದು ಬಿದ್ದಳು. ಮಕ್ಕಳು ಬಹಳ ಶ್ರದ್ಧೆಯಿಂದ ಒಬ್ಬೊಬ್ಬರಾಗಿ ನಾಲ್ಕು ಹೆಜ್ಜೆ ನಡೆದು ಹಾಗೆಯೇ ಬಿದ್ದರು. ಅವಳು ಅಳುಮುಖ ಮಾಡಿಕೊಂಡು ಬಂದಾಗ, ಪಾಠ ಚೆನ್ನಾಗಿಯೇ ಆಗಿದೆ, ನೀನು ತೋರಿಸಿದ್ದನ್ನು ಒಬ್ಬರೂ ಬಿಡದೆ ಕಲಿತಿದ್ದಾರೆ ಎಂದು ಸಮಾಧಾನ ಹೇಳಿದೆ.

ನಾನೂ ಹೀಗೇ ಬಿದ್ದು ಕಲಿತವಳು. ಮದುವೆಯಾಗಿ ವಿಜಾಪುರದ ಕಡೆಯಿಂದ ಪುಣೆಗೆ ಬಂದು, ತೊಂಬತ್ತರ ದಶಕದ ಕೊನೆಗೆ ಬಾಲವಾಡಿ ಶಿಕ್ಷಕಿಯ ತರಬೇತಿಗೆ ಸೇರಿದೆ. ಬೆಳಿಗ್ಗೆ ಯಾವುದಾದರೊಂದು ಬಾಲವಾಡಿಯಲ್ಲಿ ಕೆಲಸ, ಮಧ್ಯಾಹ್ನ ಧನಕವಡಿಯಲ್ಲಿ ಒಂದು ಮಹಡಿಯ ಮೇಲೆ ಪಾಠ. ಬೆಳಿಗ್ಗೆ ಮಾಡಿದ್ದು ಯಾಕೆ ತಪ್ಪು ಎಂದು ಮಧ್ಯಾಹ್ನ ನಮ್ಮ ಮೇಡಂ ಮರಾಠಿಯಲ್ಲಿ ತಿಳಿಸಿಕೊಡುತ್ತಿದ್ದರು. ಮೇಡಂ ತಿಳಿಸಿಕೊಟ್ಟದ್ದು ಯಾಕೆ ತಪ್ಪು ಎಂದು ಮರುದಿನ ಬೆಳಿಗ್ಗೆ ಮಕ್ಕಳು ಕನ್ನಡದಲ್ಲಿ ತೋರಿಸಿಕೊಡುತ್ತಿದ್ದರು.

ನನ್ನ ಬಾಲವಾಡಿ ಇದ್ದದ್ದು ಕಾತ್ರಜದ ಹತ್ತಿರ, ಇನ್ನೂ ಏಳುತ್ತಿದ್ದ ಒಂದು ಕಟ್ಟಡದೊಳಗೆ. ಯಾದಗಿರಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು. ಅವರಿಗೆ ಮರಾಠಿ ತಿಳಿಯದು, ಅದಕ್ಕೇ ಮೇಡಂ ನನ್ನನ್ನು ಅಲ್ಲಿಗೆ ಹಾಕಿದ್ದರು. ಗೋಡೆ ಎದ್ದು ಇನ್ನೂ ಬಾಗಿಲು ಕೂಡಿಸದ ಫ್ಲ್ಯಾಟು ಯಾವುದಿದೆಯೋ ಅದೇ ನಮ್ಮ ಶಾಲೆ. ಬಾಗಿಲು ಬಂದ ದಿನ ಅದು ಯಾರದೋ ಮನೆಯಾಗುತ್ತಿತ್ತು. ನಾವು ಚಾಪೆ ಸುತ್ತಿಕೊಂಡು, ಗೊಂಬೆಗಳನ್ನು ಡಬ್ಬಿಗೆ ತುಂಬಿಕೊಂಡು ಮೇಲಿನ ಮಹಡಿಗೆ ಹೋಗುತ್ತಿದ್ದೆವು. ಮುಂದೆ ಹೇಳುವುದೆಲ್ಲ ನಗುವ ಸಂಗತಿಗಳೇ. ಹೇಳಿ ಮುಗಿಸಿದ ಮೇಲೆ ನಾನು ಮಾತ್ರ ಯಾಕೋ ನಗುವುದಿಲ್ಲ, ಅದಕ್ಕೆ ನೀವು ಏನೂ ಮಾಡುವಂತಿಲ್ಲ.

೧. ಮೂಲೆಯಲ್ಲಿ ಕೂತ ಅಕ್ಕೋರು

ತರಬೇತಿಯ ಮೊದಲ ಕೆಲಸವೆಂದರೆ ವೀಕ್ಷಣೆ. ಮಕ್ಕಳ ನಡುವೆ ಮೂಲೆಯಲ್ಲಿ ಕೂತು ನೋಡುತ್ತಿರಬೇಕು. ಮಾತಾಡಬಾರದು, ನಗಬಾರದು, ಮಗು ಮಾತಾಡಿಸಿದರೆ ಉತ್ತರ ಕೊಡಬಾರದು. "ಗೋಡೆಯ ಹಾಗೆ ಕೂತಿರಿ" ಎಂದಿದ್ದರು ಮೇಡಂ. ಪ್ರತಿಯೊಬ್ಬರಿಗೂ ಒಂದೊಂದು ಮಗುವನ್ನು ಗೊತ್ತು ಮಾಡಿ, ವರ್ಷವಿಡೀ ಅದನ್ನೇ ಗಮನಿಸಬೇಕೆಂದೂ ಹೇಳಿದ್ದರು.

ನನ್ನ ಪಾಲಿಗೆ ಬಂದದ್ದು ನಾಲ್ಕು ವರ್ಷದ ಒಂದು ಹುಡುಗಿ. ಎಣ್ಣೆ ಹಚ್ಚಿ ಬಿಗಿದ ಎರಡು ಗಿಡ್ಡ ಜಡೆ, ಮೊಣಕಾಲ ತನಕ ಸಿಮೆಂಟಿನ ಧೂಳು. ಶಾಲೆಗೆ ಬರಲು ಒಂದು ದಿನವೂ ತಪ್ಪಿಸುತ್ತಿರಲಿಲ್ಲ, ಆದರೆ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಹಾಡಿಗೆ ಬಾಯಿ ತೆರೆಯಳು, ಹೆಸರು ಕರೆದರೆ ಕೈಯೆತ್ತಳು. ಅವಳು ತಾನೇ ವಹಿಸಿಕೊಂಡ ಕೆಲಸ ಒಂದೇ. ಬಾಗಿಲಿಲ್ಲದ ಆ ಬಾಗಿಲಲ್ಲಿ ಸುಣ್ಣದ ಗೆರೆ ಎಳೆದಿದ್ದೆವು, ಅದರ ಆಚೆ ಎಲ್ಲರೂ ಚಪ್ಪಲಿ ಬಿಡಬೇಕು. ಆ ಚಪ್ಪಲಿಗಳನ್ನು ಜೋಡಿಜೋಡಿಯಾಗಿ ಸಾಲಿಗೆ ಇಡುವವಳು ಅವಳು. ಮೇಡಂ ಅವಳನ್ನು ನೋಡಿ, "ಈ ವರ್ಷದ ಒಳಗೆ ಈ ಮಗು ತಾನಾಗಿ ಒಂದು ಮಾತಾಡಬೇಕು. ಅದೇ ನಿಮ್ಮ ಪರೀಕ್ಷೆ ಎಂದುಕೊಳ್ಳಿ" ಎಂದರು. ವರ್ಷವೇನೋ ವರ್ಷದ ಪಾಡಿಗೆ ಇರುತ್ತದೆ. ಕಟ್ಟಡ ಎಂದು ಮುಗಿಯುತ್ತದೆ, ಇವಳ ಮನೆಯವರು ಎಂದು ಗಂಟು ಕಟ್ಟಿಕೊಂಡು ಹೊರಡುತ್ತಾರೆ ಎಂಬುದೇ ನನ್ನ ಚಿಂತೆಯಾಯಿತು.

ಸರಿ, ಗೋಡೆಯ ಹಾಗೆ ಮೂಲೆ ಹಿಡಿದು ಕೂತೆ. ಮೊದಲ ದಿನವೇ ಮಕ್ಕಳು ನನ್ನ ಸ್ಥಿತಿ ನೋಡಿ ಮರುಗಿದರು. ಮೂಲೆಯಲ್ಲಿ ಕೂಡಿಸುವುದು ಯಾಕೆಂದು ಅವರಿಗೆ ಗೊತ್ತಿಲ್ಲವೇ. ಒಬ್ಬ ಹುಡುಗ ಬಂದು ಮೆಲ್ಲಗೆ ಕೇಳಿದ: "ಅಕ್ಕೋರ, ಏನ ಮಾಡೀರಿ?"

ನಾನು ಉತ್ತರ ಕೊಡುವ ಹಾಗಿಲ್ಲ. ಸುಮ್ಮನೆ ಕೂತೆ.

"ಯಾರಿಗರೆ ಕಚ್ಚೀರೇನು?"

ಆಗಲೂ ಸುಮ್ಮನಿದ್ದೆ. ಅವನು ಹೋಗಿ ಉಳಿದವರಿಗೆ ಸುದ್ದಿ ಮುಟ್ಟಿಸಿದ, ಸಣ್ಣ ಅಕ್ಕೋರು ಯಾರಿಗೋ ಕಚ್ಚಿದ್ದಾರೆ, ಅದಕ್ಕೇ ದೊಡ್ಡ ಅಕ್ಕೋರು ಕೂಡಿಸಿದ್ದಾರೆ ಎಂದು. ದೊಡ್ಡ ಅಕ್ಕೋರು ಅಂದರೆ ಆ ಬಾಲವಾಡಿಯ ಹಿರಿಯ ಶಿಕ್ಷಕಿ, ಸೊಲ್ಲಾಪುರದವರು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿಗೆ ಆಡುವವರು. ಸಂಜೆ ಒಬ್ಬ ತಾಯಿ ಅವರ ಹತ್ತಿರ ಬಂದು, "ಪಾಪ, ದೊಡ್ಡ ಹೆಣಮಗಳ ಅದಾಳ್ರಿ, ಒಂದ ಸಲಕ ಬಿಟ್ಟಬಿಡ್ರಿ" ಎಂದು ನನ್ನ ಪರವಾಗಿ ಬೇಡಿಕೊಂಡಳು.

ಮಾತಾಡದ ಹುಡುಗಿ ಮಾತ್ರ ಏನೂ ಕೇಳಲಿಲ್ಲ. ಎರಡನೆಯ ದಿನ ಬಂದು ನನ್ನ ಪಕ್ಕದಲ್ಲೇ, ಅದೇ ಮೂಲೆಯಲ್ಲಿ, ನನ್ನ ಹಾಗೇ ಮೊಣಕಾಲು ಮಡಚಿ ಕೂತುಬಿಟ್ಟಳು. ಶಿಕ್ಷೆಗೆ ಜೊತೆ. ಮಧ್ಯದಲ್ಲಿ ತನ್ನ ರೊಟ್ಟಿಯ ಅರ್ಧ ಮುರಿದು ನನ್ನ ತೊಡೆಯ ಮೇಲೆ ಇಟ್ಟಳು. ಆ ವಾರವೆಲ್ಲ ಹಾಗೇ ಕೂತಳು, ಕತ್ತೆತ್ತಿ ನನ್ನನ್ನೇ ನೋಡುತ್ತ.

ವಾರದ ಕೊನೆಗೆ ಮೇಡಂ ಬಂದರು. "ನಿಮ್ಮ ಮಗು ಯಾವುದು?"

"ಇವಳೇ ಮೇಡಂ."

"ಏನೇನು ಮಾಡುತ್ತಾಳೆ?"

"ನನ್ನನ್ನು ವೀಕ್ಷಣೆ ಮಾಡುತ್ತಾಳೆ."

೨. ಉಸುಕಿನ ಮೂಲೆ

ಬಾಲವಾಡಿ ಎಂದ ಮೇಲೆ ಗೊಂಬೆಯ ಮೂಲೆ, ಚಿತ್ರದ ಮೂಲೆ, ಉಸುಕಿನ ಮೂಲೆ ಇರಲೇಬೇಕು. ಮೇಡಂ ಮಧ್ಯಾಹ್ನದ ಪಾಠದಲ್ಲಿ ಉಸುಕಿನ ಮಹಿಮೆ ಹೇಳಿದರು. ಮಗು ಉಸುಕಿನಲ್ಲಿ ಕೈಯಾಡಿಸಿದರೆ ಬೆರಳು ಚುರುಕಾಗುತ್ತವೆ, ಮನಸ್ಸು ಹಗುರವಾಗುತ್ತದೆ, ಮನೆ ಕಟ್ಟುವ ಕಲ್ಪನೆ ಬೆಳೆಯುತ್ತದೆ. "ನಿಮ್ಮ ಬಾಲವಾಡಿಯಲ್ಲಿ ಉಸುಕಿನ ಮೂಲೆ ಕಾಣಲಿಲ್ಲವಲ್ಲ" ಎಂದು ಎಲ್ಲರ ಎದುರು ನನ್ನನ್ನು ಕೇಳಿದರು. ಇಡೀ ಕಟ್ಟಡದ ಸುತ್ತ ಉಸುಕಿನ ಗುಡ್ಡೆಗಳೇ ಇದ್ದವು, ಆದರೆ ಅವು ಮೂಲೆಯಲ್ಲಿರಲಿಲ್ಲ ಎಂಬುದು ನಿಜ.

ಮರುದಿನ ಮುಕಾದಮನ ಹತ್ತಿರ ಹೋದೆ. ಆಳುಗಳನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವವನಿಗೆ ಅಲ್ಲಿ ಹಾಗೆನ್ನುತ್ತಾರೆ. ಭಾರೀ ಮೀಸೆ, ತಲೆಗೆ ಟವೆಲ್ಲು, ಕೈಯಲ್ಲಿ ಯಾವಾಗಲೂ ಚಹದ ಗ್ಲಾಸು. "ಒಂದು ಬುಟ್ಟಿ ಉಸುಕು ಕೊಡ್ರಿ, ಮಕ್ಕಳಿಗೆ ಆಡಾಕ" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಕ್ಕೋರ, ಆ ಹುಡುಗ್ರು ಉಸುಕಿನ್ಯಾಗ ಹೊಳ್ಳಾಡಬಾರದು ಅಂತನ ಅಲ್ಲೇನು ನಿಮ್ಮ ಶಾಳಿ ಇಟ್ಟದ್ದು? ಈಗ ಉಸುಕ ಶಾಳಿಗೆ ಒಯ್ತೀರಿ?"

ಬೆರಳು ಚುರುಕಾಗುತ್ತವಂತೆ ಎಂದೆ. ಅವನು ತಾನೇ ಬುಟ್ಟಿ ತುಂಬಿ, ತಾನೇ ಹೊತ್ತು ಮೂರನೆಯ ಮಹಡಿಗೆ ತಂದುಕೊಟ್ಟ. ಕೊಟ್ಟು, ಮುಂದೇನಾಗುತ್ತದೋ ನೋಡೋಣವೆಂದು ಗೋಡೆಗೆ ಒರಗಿ ನಿಂತ.

ಮೂಲೆಯಲ್ಲಿ ಹಳೆಯ ತಗಡಿನ ಮೇಲೆ ಉಸುಕು ಹರವಿ, ಡಬ್ಬಿ, ಚಮಚ, ಒಂದು ಚಿಕ್ಕ ಜರಡಿ ಇಟ್ಟು ಮಕ್ಕಳನ್ನು ಕರೆದೆ. ಅವರು ಬಂದು ನೋಡಿದರು. ಯಾರ ಮುಖದಲ್ಲೂ ಕುತೂಹಲವಿಲ್ಲ. ದಿನವೂ ಅವ್ವಂದಿರು ಮಾಡುವ ಕೆಲಸ ಶಾಲೆಗೂ ಬಂತಲ್ಲ ಎನ್ನುವ ಹಾಗೆ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರು ಹುಡುಗಿಯರು ಅವ್ವಂದಿರ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತರು. ಒಬ್ಬಳು ಜರಡಿ ಹಿಡಿದಳು, ಇನ್ನೊಬ್ಬಳು ತುಂಬಿಕೊಟ್ಟಳು. ಉಸುಕೆಲ್ಲ ಒಂದು ಕಡೆ, ಹರಳೆಲ್ಲ ಒಂದು ಕಡೆ. ನಾನು, "ಮನಿ ಕಟ್ರಿ, ಗುಡಿ ಕಟ್ರಿ, ನಿಮಗ ಏನ ಬೇಕೋ ಅದನ್ನ ಮಾಡ್ರಿ" ಎನ್ನುತ್ತಿದ್ದೆ. ಅವರು ತಲೆಯೆತ್ತಲಿಲ್ಲ. ಮಾತಾಡದ ಹುಡುಗಿ ಹರಳುಗಳನ್ನು ಬಳಿದು ಬಾಗಿಲ ಆಚೆ ಹಾಕಿ ಬಂದಳು.

ಎಲ್ಲ ಮುಗಿದ ಮೇಲೆ ಜರಡಿ ಹಿಡಿದಿದ್ದವಳು ಕೈ ಝಾಡಿಸಿ ಎದ್ದು ನಿಂತಳು. ನನ್ನನ್ನು ಬಿಟ್ಟು ಮುಕಾದಮನ ಕಡೆ ತಿರುಗಿ, "ಆತ್ರಿ ಇದು. ಇನ್ನ ನಾವ ಆಡಾಕ ಹೋಗೂಣೇನ್ರಿ?" ಎಂದು ಕೇಳಿದಳು.

೩. ಯಜಮಾನರಿಗೆ ಅತಿಥಿ ಸತ್ಕಾರ

ಆ ತಿಂಗಳ ವಿಷಯ ಅತಿಥಿಗಳು. ಮನೆಗೆ ಬಂದವರಿಗೆ ಹೇಗೆ ಕೈ ಮುಗಿಯಬೇಕು, ಹೇಗೆ ಕೂಡಿಸಬೇಕು, ನೀರು ಕೊಟ್ಟು ಹೇಗೆ ಮಾತಾಡಿಸಬೇಕು ಎಂದು ಆಟವಾಡಿಸಿ ಕಲಿಸಬೇಕು. ತರಬೇತಿಯ ನಿಯಮದ ಪ್ರಕಾರ ಅದನ್ನು ಮೊದಲು ನಾವೇ ಮಕ್ಕಳಾಗಿ ಆಡಿ ನೋಡಿದ್ದೆವು. ಧನಕವಡಿಯ ಮಹಡಿಯಲ್ಲಿ ಮದುವೆಯಾದ ಇಷ್ಟು ಜನ ಹೆಂಗಸರು ಖಾಲಿ ಬಟ್ಟಲಿನಿಂದ ಸುರ್ರೆಂದು ಚಹಾ ಹೀರುತ್ತಿದ್ದರೆ, ಕೆಳಗಿನ ಹಿಟ್ಟಿನ ಗಿರಣಿಯವನು ಮೇಲೆ ಹತ್ತಿ ಬಂದು ನೋಡಿ ಹೋಗಿದ್ದ.

ನಮ್ಮ ಮಕ್ಕಳಿಗೆ ಒಬ್ಬ ನಿಜವಾದ ಅತಿಥಿ ಸಿಕ್ಕರೆ ಚೆನ್ನಾಗಿತ್ತು ಎಂದುಕೊಳ್ಳುವಷ್ಟರಲ್ಲಿ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ತೆಂಗಿನಕಾಯಿಯ ಚೀಲ, ಜೊತೆಗೆ ಹೆಂಡತಿ. ನನಗೆ ಅವರು ಯಾರೆಂದು ತಿಳಿಯುವ ಮೊದಲೇ ಮಕ್ಕಳು ಎದ್ದು ಕೈ ಮುಗಿದರು.

"ಬರ್ರಿ, ಒಳಗ ಬರ್ರಿ. ಚಪ್ಪಲ್ಲಿ ಅಲ್ಲೇ ಬಿಡ್ರಿ."

ಅವರಿಗೆ ಕನ್ನಡ ತಿಳಿಯದಿದ್ದರೂ ಚಪ್ಪಲಿಯ ಮಾತು ತಿಳಿಯಿತು. ಬೂಟು ಬಿಚ್ಚಿ ಸುಣ್ಣದ ಗೆರೆ ದಾಟಿದರು. ಒಬ್ಬ ಅವರ ಕೈ ಹಿಡಿದು ಚಾಪೆಯ ಮೇಲೆ ಕೂಡಿಸಿದ. ಒಬ್ಬಳು ಖಾಲಿ ಬಟ್ಟಲಲ್ಲಿ ಚಹಾ ತಂದಳು. ಇನ್ನೊಬ್ಬಳು ಅವರ ಹೆಂಡತಿಗೆ ಎಲೆ ಅಡಿಕೆ ಕೊಟ್ಟಳು, ಅಂದರೆ ಬರಿಗೈಯನ್ನು ಅವರ ಅಂಗೈಯಲ್ಲಿ ಇಟ್ಟಳು. ದಂಪತಿಗಳು ಒಳ್ಳೆಯವರು, ಎಲ್ಲವನ್ನೂ ತೆಗೆದುಕೊಂಡರು. ಹೆಂಡತಿ ಅಗಿದೂ ತೋರಿಸಿದರು.

"ಯಾರ ಮನೆ ಇದು?" ಎಂದು ಅವರು ಮರಾಠಿಯಲ್ಲಿ ಕೇಳಿದರು. ಅಷ್ಟು ಮರಾಠಿ ಮಕ್ಕಳಿಗೂ ಬಂದಿತ್ತು.

"ನಮ್ದ್ರಿ" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಬಳಿಕ ಕೈ ಹಿಡಿದು ಮನೆಯೆಲ್ಲ ತಿರುಗಿಸಿ ತೋರಿಸಿದರು. ಇಲ್ಲಿ ಹಾಡು ಹೇಳ್ತೀವಿ, ಇಲ್ಲಿ ಊಟ ಮಾಡ್ತೀವಿ, ಇಲ್ಲಿ ಅಕ್ಕೋರು ಮೂಲ್ಯಾಗ ಕೂಡ್ತಾರ.

ಅಷ್ಟರಲ್ಲಿ ದೊಡ್ಡ ಅಕ್ಕೋರು ನನ್ನ ಕಿವಿಯಲ್ಲಿ ಉಸುರಿದರು, ಅವರೇ ಆ ಫ್ಲ್ಯಾಟಿನ ಯಜಮಾನರು, ಒಳ್ಳೆಯ ದಿನವೆಂದು ಕಾಯಿ ಒಡೆಯಲು ಬಂದಿದ್ದಾರೆ. ನಾನು ಚಾಪೆ ಸುತ್ತಲು ಬಗ್ಗಿದೆ. ಅವರು ಮಾತ್ರ ನಗುತ್ತಲೇ ಕಾಯಿ ಒಡೆದು, ಎಲ್ಲ ಮಕ್ಕಳಿಗೂ ಚೂರು ಕೊಟ್ಟು ಹೊರಟರು. ಬಾಗಿಲ ಹತ್ತಿರ ನೋಡಿದರೆ ಅವರ ಬೂಟು ಆಚೆ ಮುಖ ಮಾಡಿ, ಕಾಲು ತೂರಿಸಿದರೆ ಸಾಕು ಎನ್ನುವ ಹಾಗೆ ಸಿದ್ಧವಾಗಿತ್ತು. ಅದು ಮಾತಾಡದ ಹುಡುಗಿಯ ಕೆಲಸ. ನನ್ನ ಚಪ್ಪಲಿಯನ್ನು ಅವಳು ಯಾವಾಗಲೂ ಒಳಗೆ ಮುಖ ಮಾಡಿ ಇಡುತ್ತಿದ್ದದ್ದು ಆಗ ನೆನಪಾಯಿತು. ಯಾಕೆ ಹೀಗೆ ಎಂದು ದೊಡ್ಡ ಅಕ್ಕೋರನ್ನು ಕೇಳಿದೆ.

"ಹೋಗವರದು ಹೊರಗ ಮಾರಿ, ಇರವರದು ಒಳಗ ಮಾರಿ. ಆಕಿ ಲೆಕ್ಕಾನ ಅದು" ಎಂದರು.

ಯಜಮಾನರು ಮೆಟ್ಟಿಲ ಹತ್ತಿರ ನಿಂತು ನನ್ನನ್ನು ಕರೆದರು. ಬಹಳ ಸಂಕೋಚದಿಂದ, ತಾವೇ ತಪ್ಪು ಮಾಡಿದವರ ಹಾಗೆ, "ಚಹಾ ಬಹಳ ಚೆನ್ನಾಗಿತ್ತು ಅಂತ ಮಕ್ಕಳಿಗೆ ಹೇಳಿ. ಆದರೆ ಸೋಮವಾರ ಬಾಗಿಲು ಕೂಡಿಸುತ್ತಾರಲ್ಲ, ಅದನ್ನು ನೀವೇ ಹೇಳಬೇಕು" ಎಂದರು.

ಸೋಮವಾರ ನಾವು ಮೇಲಿನ ಮಹಡಿಗೆ ಹೋದೆವು. ಅದಕ್ಕಿಂತ ಮೇಲೆ ಇನ್ನು ಮಹಡಿ ಇರಲಿಲ್ಲ.

೪. ಗುಬ್ಬಿಯ ಜಾಗ

ಮಕ್ಕಳ ಸುತ್ತಲಿನ ಬದುಕಿನಿಂದ ಒಂದು ಹೊಸ ಹಾಡು ಕಟ್ಟಿಕೊಂಡು ಬರಬೇಕು ಎಂದರು ಮೇಡಂ. ನನ್ನ ಜೊತೆಯವರೆಲ್ಲ ಚಂದ್ರ, ಚಿಟ್ಟೆ, ಮೊಲ ಎಂದು ಬರೆದು ತಂದರು. ನಾನು ನೋಡುತ್ತಿದ್ದ ಮಕ್ಕಳ ಸುತ್ತ ಇದ್ದದ್ದು ಸ್ಲ್ಯಾಬ್ ಹಾಕಲು ಉಸುಕು, ಸಿಮೆಂಟು, ಖಡಿ ಅಂದರೆ ಜಲ್ಲಿಕಲ್ಲು ಹೊತ್ತು ಕೊಡುವ ಹೆಂಗಸರ ಸಾಲು. ಹೀಗೆ ಕಟ್ಟಿದೆ:

ಒಂದ ಬುಟ್ಟಿ ಉಸುಕ, ಕೊಡ ನನ್ನ ಕೈಗೆ,
ಎರಡ ಬುಟ್ಟಿ ಖಡಿ, ಹೋಗಲಿ ಮ್ಯಾಲಿಗೆ,
ಮೂರ ಬುಟ್ಟಿ ಸಿಮೆಂಟ, ನೀರ ಹಾಕ ನೀರ,
ನಾಕನೇ ಮಾಳಿಗಿ ಮ್ಯಾಲ ಕುಂತಾರ ಯಾರ?

ಕೊನೆಯ ಸಾಲಿಗೆ ಒಂದೊಂದು ಮಗುವಿನ ಹೆಸರು ಹೇಳುವುದು. ಮಾತಾಡದ ಹುಡುಗಿ ತನ್ನ ಹೆಸರಿನ ಸರದಿ ಬಂದಾಗಲಾದರೂ ಬಾಯಿ ಬಿಟ್ಟಾಳು ಎಂಬುದು ನನ್ನ ಒಳಗಿನ ಆಸೆ. ಮಧ್ಯಾಹ್ನ ಅದನ್ನು ಹಾಡಿ ತೋರಿಸಿ, ಮರಾಠಿಯಲ್ಲಿ ಅರ್ಥ ಹೇಳಿದೆ. ಮೇಡಂ ಅದನ್ನು ಇನ್ನೊಮ್ಮೆ ಹಾಡಿಸಿ ಕೇಳಿದರು.

"ಇದರಲ್ಲಿ ನಿಸರ್ಗ ಎಲ್ಲಿ?"

"ಉಸುಕು ಇದೆಯಲ್ಲ ಮೇಡಂ."

"ಹಕ್ಕಿ, ಹೂವು, ಏನೂ ಇಲ್ಲ. ಮಗುವಿನ ಮನಸ್ಸಿಗೆ ಏನು ಸಿಗುತ್ತದೆ? ಒಂದು ಹಕ್ಕಿಯನ್ನಾದರೂ ಹಾಕಿ."

ಹಾಕಿದೆ. ಕೊನೆಯ ಸಾಲಿಗೆ ಉತ್ತರವಾಗಿ ಒಂದು ಗುಬ್ಬಿಯನ್ನು ನಾಲ್ಕನೆಯ ಮಹಡಿಯ ಮೇಲೆ ಕೂಡಿಸಿದೆ. ಹಾಡು ಪಾಸಾಯಿತು. ಮಕ್ಕಳ ಹೆಸರು ಹೋಗಿ ಗುಬ್ಬಿ ಬಂತು, ನನ್ನ ಆಸೆಯೂ ಗುಬ್ಬಿಯ ಪಾಲಾಯಿತು. ಮಕ್ಕಳೆಲ್ಲ ಕುಣಿದು ಹಾಡಿದರು. ಆ ಹುಡುಗಿ ಎಂದಿನಂತೆ ತುಟಿ ಬಿಗಿದು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.

ಕೆಲವು ದಿನಗಳ ಮೇಲೆ ತಾರಸಿಯಲ್ಲಿ ನೀರಿನ ಟಾಕಿಗೆ ಕೊನೆಯ ಸ್ಲ್ಯಾಬ್ ಹಾಕುವ ದಿನ ಬಂತು. ಬೆಳಿಗ್ಗೆ ನಾನು ಹೋಗುವಾಗಲೇ ಹೆಂಗಸರ ಸಾಲು ಮೆಟ್ಟಿಲ ಉದ್ದಕ್ಕೂ ನಿಂತಿತ್ತು. ಕೈಯಿಂದ ಕೈಗೆ ಬುಟ್ಟಿ ಹೋಗುತ್ತಿತ್ತು. ಅವರೆಲ್ಲ ಹಾಡುತ್ತಿದ್ದದ್ದು ನನ್ನ ಹಾಡು. ನಾನು ಅಲ್ಲೇ ನಿಂತುಬಿಟ್ಟೆ. ಆದರೆ ಕೊನೆಯ ಸಾಲಿಗೆ ಬಂದಾಗ, "ಕುಂತಾರ ಯಾರ?" ಎಂದು ಕೆಳಗಿನವರು ಕೇಳಿದರೆ, "ಮುಕಾದಮ" ಎಂದು ಮೇಲಿನವರು ಕೂಗಿ, ಬುಟ್ಟಿ ಕೆಳಗಿಟ್ಟು ನಗುತ್ತಿದ್ದರು. ಅವನು ನಿಜವಾಗಿಯೂ ಮೇಲೆ ಒಂದು ಡಬ್ಬದ ಮೇಲೆ ಚಹಾ ಹಿಡಿದು ಕೂತಿದ್ದ.

ಸಾಲಿನಲ್ಲಿದ್ದ ಮಾತಾಡದ ಹುಡುಗಿಯ ತಾಯಿಯನ್ನು ಕೇಳಿದೆ, ಹಾಡು ನಿಮಗೆ ಹೇಗೆ ಬಂತು ಎಂದು.

"ನನ್ನ ಮಗಳ ಕಲಿಸ್ಯಾಳ್ರಿ. ಸಂಜೀಕ ಶೆಡ್ಡಿನ್ಯಾಗ ಎಲ್ಲಾರನೂ ಸಾಲಿಗೆ ಕೂಡಸತಾಳ. ತಪ್ಪಿದ್ರ ಮೂಲ್ಯಾಗ ಕೂಡು ಅಂತಾಳ. ಆಕಿ ಬಾಯಿ ಅನ್ನೂದು ಒಂದ ಗಳಿಗಿ ಸುಮ್ಮ ಇರೂದಿಲ್ರಿ, ಭಾಳ ಸಾಕಾಗೇದ."

ಆಳುಗಳು ವಾಸವಿದ್ದ ಆ ತಗಡಿನ ಶೆಡ್ಡು ನಮ್ಮ ಶಾಲೆಯಿಂದ ಕಲ್ಲೆಸೆಯುವಷ್ಟು ದೂರವೂ ಇಲ್ಲ. ಅಲ್ಲಿ ದಿನವೂ ಹೊಳೆಯಂತೆ ಹರಿಯುವ ಮಾತಿನಲ್ಲಿ ಒಂದು ಹನಿಗಾಗಿ ನಾನು ಇಲ್ಲಿ ಬಾಯಾರಿ ಕೂತಿದ್ದೆ. ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು, ಎರಡೂ ಒಟ್ಟಿಗೆ ಆದದ್ದರಿಂದ ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ಮುಕಾದಮ ಕೆಳಗಿಳಿದು ಬಂದ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದ: "ಅಕ್ಕೋರ, ನಿಮ್ಮ ಹಾಡಿನ್ಯಾಗ ಮೊದಲ ಒಂದ ಗುಬ್ಬಿ ಇತ್ತಂತ. ಕೈ ಮುಗೀತೀನಿ, ಅದನ್ನ ತಿರಗಿ ಕೂಡಸ್ರಿ."

೫. ಕೊನೆಯ ಪಾಠ

ಕೊನೆಯ ಸ್ಲ್ಯಾಬ್ ಬಿದ್ದ ಮೇಲೆ ಆಳುಗಳ ಕೆಲಸ ಕರಗುತ್ತ ಬಂತು. ಬಣ್ಣದವರು, ನಲ್ಲಿಯವರು, ಟೈಲ್ಸಿನವರು ಬಂದರು. ನನಗೆ ಉಳಿದದ್ದು ಕೊನೆಯ ಪಾಠ. ಮೇಡಂ ಎದುರು ಕೂತು ನೋಡಿ, ಪಾಸೋ ನಪಾಸೋ ಎಂದು ಹೇಳುವ ಪಾಠ. ವಿಷಯ ನಮ್ಮ ಮನೆ. ಆ ದಿನ ನನ್ನ ಮಗುವೂ ಮಾತಾಡಬೇಕು ಎಂದು ಮೇಡಂ ಮತ್ತೊಮ್ಮೆ ನೆನಪಿಸಿದ್ದರು. ತಾಯಿ ಹೇಳಿದ ಸುದ್ದಿಯನ್ನು ನಾನು ಮೇಡಂಗೆ ತಿಳಿಸಿದ್ದೆ. "ಮನೆಯಲ್ಲಿ ಎಲ್ಲ ಮಕ್ಕಳೂ ಮಾತಾಡುತ್ತವೆ. ನಿಮ್ಮ ಹತ್ತಿರ ಮಾತಾಡಬೇಕು" ಎಂದಿದ್ದರು. ಅದು ಸರಿಯಾದ ಮಾತೇ. ಅವಳು ನನ್ನ ಹತ್ತಿರ ಮಾತಾಡಬೇಕೆಂದು ಮೇಡಂಗಿಂತ ನನಗೇ ಹೆಚ್ಚು ಬೇಕಾಗಿತ್ತು.

ಮನೆಯ ಚಿತ್ರ, ರಟ್ಟಿನ ಬಾಗಿಲು ಕಿಟಕಿ ಎಲ್ಲ ಮಾಡಿಕೊಂಡು ಬೆಳಿಗ್ಗೆ ಹೋದರೆ, ಕಟ್ಟಡದ ಮುಂದೆ ಲಾರಿ ನಿಂತಿತ್ತು. ಇಂದಾಪುರದ ಕಡೆ ಹೊಸ ಕೆಲಸವಂತೆ, ಇವತ್ತೇ ಹೋಗಬೇಕಂತೆ. ಶೆಡ್ಡಿದ್ದ ಜಾಗದಲ್ಲಿ ಒಲೆಯ ಕಲ್ಲುಗಳು ಮಾತ್ರ ಇದ್ದವು. ಶೆಡ್ಡಿನ ತಗಡುಗಳು ಲಾರಿಯ ತಳದಲ್ಲಿ, ಅದರ ಮೇಲೆ ಬುಟ್ಟಿ, ಕೊಡ, ಹಾಸಿಗೆಯ ಗಂಟು, ಎಲ್ಲಕ್ಕಿಂತ ಮೇಲೆ ಮಕ್ಕಳು ಮತ್ತು ಅವ್ವಂದಿರು. ಮಾತಾಡದ ಹುಡುಗಿ ಒಂದು ಗಂಟಿನ ಮೇಲೆ ಕೂತಿದ್ದಳು.

ಮೇಡಂ ಬಸ್ಸಿಳಿದು ಬಂದವರು ಸುತ್ತ ನೋಡಿ, "ಮಕ್ಕಳೆಲ್ಲಿ?" ಎಂದರು. ನಾನು ಮೇಲೆ ತೋರಿಸಿದೆ.

ಮೇಡಂ ಕಟ್ಟುನಿಟ್ಟಿನವರಾದರೂ ಕರುಳಿಲ್ಲದವರಲ್ಲ. "ಅಲ್ಲೇ ಪಾಠ ಮಾಡಿ" ಎಂದರು. ಮುಕಾದಮನನ್ನು ಕೇಳಿದೆ. "ಡ್ರೈವರ ಚಾ ಕುಡ್ಯಾಕ ಹೋಗ್ಯಾನ. ಅಂವಾ ಬರೂತನಕ ಎಷ್ಟ ಆಗತದ ಅಷ್ಟ ಕಲಸ್ರಿ" ಎಂದ.

ನಾನು ಲಾರಿಯ ಹತ್ತಿರ ಹೋದೆ. ಶಾಲೆಗೆ ಹೋಗುವಾಗಿನ ರೂಢಿ, ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಗಾಲಿಯ ಮೇಲೆ ಕಾಲಿಟ್ಟು, ಮೇಲಿನ ಹೆಂಗಸರ ಕೈ ಹಿಡಿದು ಹತ್ತಿದೆ. ಮೇಡಂ ಕೆಳಗೆ ನೆರಳಲ್ಲಿ ನಿಂತು ನೋಡುತ್ತಿದ್ದರು.

"ಮನಿಗೆ ಏನೇನ ಇರತದ?" ಎಂದು ಕೇಳಿದೆ. ರಟ್ಟಿನ ಬಾಗಿಲನ್ನು ಎತ್ತಿ ಹಿಡಿದೆ. ಅದನ್ನು ಯಾರೂ ನೋಡಲಿಲ್ಲ. ಒಬ್ಬ ಹುಡುಗ ಕೂತಲ್ಲೇ ಹಿಮ್ಮಡಿಯಿಂದ ತಗಡನ್ನು ಬಡಿದು, "ನಮ್ಮ ಮನಿ ಇದರ ಬುಡಕ ಅದ್ರಿ" ಎಂದ. ಕೆಳಗಿನಿಂದ ಮೇಡಂ, "ನಿಜವಾದ ವಸ್ತುವಿನಿಂದ ಪಾಠ, ಒಳ್ಳೆಯದು" ಎಂದರು. ಆಮೇಲೆ ಎಲ್ಲರೂ ಹಾಡು ಬೇಕೆಂದರು. ಒಂದ ಬುಟ್ಟಿ ಉಸುಕ ಎಂದು ನಾನು ಶುರು ಮಾಡುವುದೇ ತಡ, ಅವ್ವಂದಿರೂ ಬುಟ್ಟಿ ಬಡಿದು ಹಾಡಿದರು. ಆ ಗದ್ದಲದಲ್ಲಿ ಡ್ರೈವರ್ ಬಂದು ಕೂತದ್ದು ಯಾರಿಗೂ ತಿಳಿಯಲಿಲ್ಲ. ಲಾರಿಯ ಮೇಲೆ ಒಬ್ಬ ಶಿಕ್ಷಕಿ ಪಾಠ ಮಾಡುತ್ತಿದ್ದಾಳೆ ಎಂದು ಅವನಿಗಾದರೂ ಹೇಗೆ ತಿಳಿಯಬೇಕು. ಅವನ ಪಕ್ಕ ಹತ್ತಿ ಕೂತ ಮುಕಾದಮ ನಾನು ಆಗಲೇ ಇಳಿದಿದ್ದೇನೆ ಎಂದುಕೊಂಡಿದ್ದ. ಲಾರಿ ಹೊರಟಿತು.

ನಾನು ಹಗ್ಗ ಹಿಡಿದುಕೊಂಡೆ. ಕೆಳಗೆ ಮೇಡಂ ಕೈ ಬೀಸುತ್ತ ನಾಲ್ಕು ಹೆಜ್ಜೆ ಓಡಿ ನಿಂತರು. ಹೆಂಗಸರೆಲ್ಲ ಗಾಬರಿಯಾಗಿ ಒಟ್ಟಿಗೆ ಕೂಗತೊಡಗಿದರು, ಯಾರ ಮಾತೂ ಯಾರಿಗೂ ಕೇಳಿಸುತ್ತಿಲ್ಲ. ಆಗ ಗಂಟಿನ ಮೇಲೆ ಕೂತಿದ್ದ ನನ್ನ ಹುಡುಗಿ ಎದ್ದು ನಿಂತಳು. ಒಂದು ಕೈಯಿಂದ ನನ್ನ ಸೀರೆ ಹಿಡಿದು, ಇನ್ನೊಂದು ಕೈಯಿಂದ ಡ್ರೈವರನ ಕೋಣೆಯ ತಗಡನ್ನು ಬಡಿದು, ಇಡೀ ಕಾತ್ರಜಕ್ಕೆ ಕೇಳುವ ಹಾಗೆ ಕೂಗಿದಳು:

"ಗಾಡಿ ನಿಲ್ಲಸ್ರಿ. ಅಕ್ಕೋರ ಚಪ್ಪಲ್ಲಿ ಕೆಳಗ ಉಳದಾವ."

ಲಾರಿ ನಿಂತಿತು. ಮುಂದಿನಿಂದ ಮುಕಾದಮ ಇಳಿದು ಬಂದು ಮೇಲೆ ನೋಡಿದ. ನನ್ನನ್ನು ಕಂಡು ಹಣೆ ಬಡಿದುಕೊಂಡ.

"ಏ ಹುಡುಗಿ, ಚಪ್ಪಲ್ಲಿ ಕೆಳಗ ಉಳದಿಲ್ಲ. ಅಕ್ಕೋರ ಮ್ಯಾಲ ಉಳದಾರ."

ಇಡೀ ಲಾರಿ ನಕ್ಕಿತು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಂಗಸರು ನನ್ನ ತೋಳು ಹಿಡಿದು ಇಳಿಸತೊಡಗಿದರು. ಒಂದು ಕಾಲು ಗಾಲಿಯ ಮೇಲಿಟ್ಟು ತಲೆಯೆತ್ತಿದಾಗ ನನ್ನ ಹುಡುಗಿಯ ಮುಖ ಕಂಡಿತು. ಅವಳೊಬ್ಬಳು ನಗುತ್ತಿರಲಿಲ್ಲ. ಸೀರೆಯನ್ನು ಇನ್ನೂ ಹಿಡಿದೇ ಇದ್ದಳು. ಅವಳ ತಾಯಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಏನ ತಿಳಕೋಬ್ಯಾಡ್ರಿ ಅಕ್ಕೋರ. ನೀವೂ ನಮ್ಮ ಸಂಗಾಟ ಬರಾಕತ್ತೀರಿ ಅಂತ ತಿಳದಾಳ."

ಲಾರಿ ಹೋಯಿತು. ಅವಳ ಎರಡು ಗಿಡ್ಡ ಜಡೆ ತಿರುವಿನ ತನಕ ಕಂಡವು, ಆಮೇಲೆ ಕಾಣಲಿಲ್ಲ. ಆ ಮಗುವನ್ನು ನಾನು ಮತ್ತೆ ನೋಡಿಲ್ಲ. ಅವಳು ನನ್ನ ಹತ್ತಿರ ಇನ್ನು ಏನೇನು ಮಾತಾಡುತ್ತಿದ್ದಳೋ, ಆ ಮಾತುಗಳೆಲ್ಲ ಇಂದಾಪುರದ ಕಡೆ ಹೋದವು. ನಾನು ಬರಿಗಾಲಲ್ಲಿ ಕಾದ ಡಾಂಬರಿನ ಮೇಲೆ ಹಾರುತ್ತ ಕುಪ್ಪಳಿಸುತ್ತ ವಾಪಸು ಬಂದೆ. ಮಧ್ಯಾಹ್ನದ ಪಾಠದಲ್ಲಿ ಕಲಿತ ಕಪ್ಪೆಯ ನಡಿಗೆ ಅವತ್ತು ನಿಜವಾಗಿಯೂ ಕೆಲಸಕ್ಕೆ ಬಂತು.

ಮೇಡಂ ನನ್ನ ಚಪ್ಪಲಿಯ ಪಕ್ಕದಲ್ಲೇ ಕಾವಲು ನಿಂತಿದ್ದರು.

"ಮಗು ಮಾತಾಡಿತೇ?"

"ಮಾತಾಡಿತು ಮೇಡಂ."

"ಏನು ಹೇಳಿತು?"

"ನನ್ನ ಚಪ್ಪಲಿ ಇಲ್ಲೇ ಉಳಿದಿವೆ ಎಂದಿತು."

ಮೇಡಂ ಕೆಳಗೆ ನೋಡಿದರು. "ಉಳಿದಿವೆ. ಸರಿಯಾಗಿಯೇ ಹೇಳಿದೆ" ಎಂದು ಅಲ್ಲೇ ನನ್ನನ್ನು ಪಾಸು ಮಾಡಿದರು.

ಚಪ್ಪಲಿ ನಾನು ಬಿಟ್ಟ ಹಾಗೆಯೇ ಇದ್ದವು, ಲಾರಿ ನಿಂತಿದ್ದ ಕಡೆ, ಇರುವವರ ಹಾಗೆ ಒಳಗೆ ಮುಖ ಮಾಡಿ. ಬಗ್ಗಿ, ಅವನ್ನು ಹೊರಗೆ ತಿರುಗಿಸಿ, ಹಾಕಿಕೊಂಡು ಹೊರಟೆ.